ನುಂಗುವ ತೊಂದರೆ ಮತ್ತು ಶ್ವಾಸನಾಳದ ಸೋರಿಕೆ

ಊಟದ ನಡುವೆ ನೀರು ತಪ್ಪು ದಾರಿ ಹಿಡಿದು ಕೆಮ್ಮು ಬಂದರೆ ಕನ್ನಡಿಗರು 'ನೆತ್ತಿಗೆ ಹತ್ತಿತು' ಎನ್ನುತ್ತಾರೆ. ಪಕ್ಕದಲ್ಲಿದ್ದವರು ತಲೆ ತಟ್ಟಿ, ಯಾರೋ ನೆನೆಸಿಕೊಂಡಿರಬೇಕು ಎಂದು ಸಮಾಧಾನ ಹೇಳುತ್ತಾರೆ. ನೀರು ಹೋದದ್ದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ. ಕೆಮ್ಮು ಅದನ್ನು ಅಲ್ಲಿಂದಲೇ ಹಿಂದಕ್ಕೆ ಅಟ್ಟುತ್ತದೆ. ಆರೋಗ್ಯವಂತರಲ್ಲಿ ಇದು ಅಪರೂಪದ, ಕ್ಷಣದಲ್ಲಿ ಮುಗಿಯುವ ಘಟನೆ. ಆದರೆ ಆಹಾರ, ನೀರು, ಜೊಲ್ಲು ಅಥವಾ ಜಠರದ ರಸ ಧ್ವನಿತಂತುಗಳನ್ನು ದಾಟಿ ಮತ್ತೆ ಮತ್ತೆ ಶ್ವಾಸನಾಳಕ್ಕೆ ಇಳಿಯುತ್ತಿದ್ದರೆ, ಕೆಮ್ಮು ಅದನ್ನು ತಡೆಯಲಾರದಷ್ಟು ದುರ್ಬಲವಾಗಿದ್ದರೆ ಅಥವಾ ಬಾರದೇ ಹೋದರೆ ಅದು ರೋಗ. ನುಂಗುವ ತೊಂದರೆಯನ್ನು ವೈದ್ಯರು ಡಿಸ್ಫೇಜಿಯ ಎಂದೂ, ಶ್ವಾಸನಾಳಕ್ಕೆ ಇಳಿಯುವುದನ್ನು ಆಸ್ಪಿರೇಷನ್ ಎಂದೂ ಕರೆಯುತ್ತಾರೆ. ಎರಡನೆಯದನ್ನು ಇಲ್ಲಿ ಸೋರಿಕೆ ಎಂದು ಕರೆದಿದೆ. ಇವೆರಡೂ ಒಂದೇ ಅಲ್ಲ. ನುಂಗಲು ಕಷ್ಟವಿದ್ದೂ ಸೋರಿಕೆಯಿಲ್ಲದವರಿದ್ದಾರೆ. ಸೋರಿಕೆಯಿದ್ದೂ ನ್ಯುಮೋನಿಯ ಬಾರದವರೂ ಇದ್ದಾರೆ. ಈ ಎರಡನೆಯ ಗುಂಪಿನವರಿಗೆ ಏಕೆ ಏನೂ ಆಗುವುದಿಲ್ಲ ಎಂಬ ಪ್ರಶ್ನೆಯ ಉತ್ತರದಲ್ಲೇ ಈ ಕಾಯಿಲೆಯ ಆರೈಕೆ ಹೇಗಿರಬೇಕು ಎಂಬುದೂ ಅಡಗಿದೆ.

ಮನುಷ್ಯನ ಗಂಟಲಿನಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಅಡ್ಡ ಹಾಯುತ್ತವೆ. ತುತ್ತು ನಾಲಿಗೆಯ ಹಿಂಬದಿಗೆ ಸರಿದ ಕೂಡಲೇ ಮೃದು ಅಂಗಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳ ಬಾಗುತ್ತದೆ, ಅನ್ನನಾಳದ ಮೇಲ್ಬಾಗಿಲು ಸಡಿಲಗೊಳ್ಳುತ್ತದೆ, ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಗಂಟಲಿನ ಈ ಹಂತವೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ತುತ್ತು ಇಳಿದ ಮೇಲೆ ಸಾಮಾನ್ಯವಾಗಿ ನಿಶ್ವಾಸದಿಂದಲೇ ಉಸಿರಾಟ ಮತ್ತೆ ಶುರುವಾಗುವುದರಿಂದ ಬಾಗಿಲ ಬಳಿ ಉಳಿದ ಚೂರೇನಾದರೂ ಇದ್ದರೆ ಅದು ಹೊರಕ್ಕೇ ತಳ್ಳಲ್ಪಡುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ಜೋಡಿ ಸ್ನಾಯುಗಳು, ಮಿದುಳಿನಿಂದ ಹೊರಡುವ ಐದು ಜೋಡಿ ನರಗಳು ಈ ಕೆಲಸದಲ್ಲಿ ಪಾಲ್ಗೊಳ್ಳುತ್ತವೆ. ಅವುಗಳ ತಾಳವನ್ನು ಮಿದುಳ ಕಾಂಡ ಹಿಡಿದಿರುತ್ತದೆ. ಹೀಗೆ ಅಷ್ಟೊಂದು ಅಂಗಗಳು ಹೊಂದಿಕೊಂಡು ನಡೆಯಬೇಕಾದ ಕೆಲಸವಾದ್ದರಿಂದಲೇ ಅದು ಕೆಡುವ ದಾರಿಗಳೂ ಹಲವು.

ಪಾರ್ಶ್ವವಾಯು ಅವುಗಳಲ್ಲಿ ಮೊದಲನೆಯದು. ಲಕ್ವ ಹೊಡೆದ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಎಷ್ಟು ಜನರಲ್ಲಿ ಕಾಣುತ್ತದೆ ಎಂಬ ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪರೀಕ್ಷಿಸಿದ ವಿಧಾನಕ್ಕೆ ತಕ್ಕಂತೆ ಶೇ. 37ರಿಂದ 78ರವರೆಗಿನ ಅಂಕಿಗಳು ಸಿಕ್ಕವು. ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ಇದು ತಾನಾಗಿ ಸುಧಾರಿಸುತ್ತದೆ. ಪಾರ್ಕಿನ್ಸನ್ ಕಾಯಿಲೆ, ಮರೆಗುಳಿತನ, ಎ.ಎಲ್.ಎಸ್. ಎಂಬ ನರರೋಗ ಮೊದಲಾದವುಗಳಲ್ಲಿ ಹಾಗಲ್ಲ, ಅಲ್ಲಿ ತೊಂದರೆ ಮೆಲ್ಲಗೆ ಶುರುವಾಗಿ ಬಲಿಯುತ್ತಲೇ ಹೋಗುತ್ತದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್, ಅದಕ್ಕೆ ಕೊಡುವ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ, ಇನ್ನೊಂದು ದೊಡ್ಡ ಕಾರಣ. ಅಡಿಕೆ ಬೆಳೆಯುವ, ಅಗಿಯುವ ಕರ್ನಾಟಕಕ್ಕೆ ಇದು ಹತ್ತಿರದ ವಿಷಯ. ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು; ಕ್ಯಾನ್ಸರ್ ಬರುವ ಮೊದಲೇ ಬಾಯಿಯ ಒಳಪದರ ಬಿಗಿದು, ಎರಡು ಬೆರಳು ತೂರದಷ್ಟು ಬಾಯಿ ಕಿರಿದಾಗುವ ಸ್ಥಿತಿಗೂ ಅಡಿಕೆಯೇ ಮುಖ್ಯ ಕಾರಣ. ಎದೆಯಲ್ಲಿ ತುತ್ತು ನಿಂತಂತಾಗುವುದು ಅನ್ನನಾಳದ ತೊಂದರೆ, ಬೇರೆ ಬಗೆಯದು: ಮೊದಲು ಗಟ್ಟಿ ಆಹಾರ ನಿಂತು ಆಮೇಲೆ ದ್ರವವೂ ಇಳಿಯದಾದರೆ ಗೆಡ್ಡೆಯೋ ಕಿರಿದಾಗುವಿಕೆಯೋ ಇರಬಹುದು, ಎರಡೂ ಆರಂಭದಿಂದಲೇ ನಿಲ್ಲುತ್ತಿದ್ದರೆ ಅನ್ನನಾಳದ ಚಲನೆಯೇ ಕೆಟ್ಟಿರುವ ಸಂಭವ ಹೆಚ್ಚು. ಅಂಥವರನ್ನು ತಡಮಾಡದೆ ಎಂಡೋಸ್ಕೋಪಿಗೆ ಕಳಿಸಬೇಕು.

ಸೋರಿಕೆಯಿಂದ ಶ್ವಾಸಕೋಶಕ್ಕೆ ಆಗುವ ಹಾನಿಯ ತಿಳುವಳಿಕೆ ಬೆಳೆದದ್ದು ಹೆರಿಗೆ ಆಸ್ಪತ್ರೆಯಿಂದ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳ ದಾಖಲೆ ಪರಿಶೀಲಿಸಿ, ಅರಿವಳಿಕೆಯಲ್ಲಿದ್ದಾಗ ಜಠರದ ವಸ್ತು ಶ್ವಾಸಕೋಶಕ್ಕೆ ಇಳಿದ 66 ಪ್ರಸಂಗಗಳನ್ನು ವಿವರಿಸಿದರು. ಅಲ್ಲಿ ಹಾನಿ ಮಾಡಿದ್ದು ಮುಖ್ಯವಾಗಿ ಜಠರದ ಆಮ್ಲ. ಅದು ಶ್ವಾಸಕೋಶವನ್ನು ಸುಟ್ಟಂತೆ ಕೆರಳಿಸುತ್ತದೆ, ರೋಗಾಣುಗಳ ಪಾತ್ರ ಆಮೇಲಿನದು. ಹಾಸಿಗೆ ಹಿಡಿದ ವೃದ್ಧರಲ್ಲಿ ಕಾಣುವ ನ್ಯುಮೋನಿಯ ಬೇರೆ. ಅಲ್ಲಿ ಅಪರಾಧಿ ಬಾಯಿಯಲ್ಲಿ ಬೆಳೆದ ಬ್ಯಾಕ್ಟೀರಿಯ. ಜೊಲ್ಲಿನೊಡನೆ ಹನಿಹನಿಯಾಗಿ, ಬಹುಮಟ್ಟಿಗೆ ರಾತ್ರಿ ಹೊತ್ತು, ಯಾರಿಗೂ ಕಾಣದಂತೆ ಅದು ಇಳಿಯುತ್ತದೆ. ಈ ವ್ಯತ್ಯಾಸ ಚಿಕಿತ್ಸೆಗೂ ಮುಖ್ಯ. ಆಮ್ಲದಿಂದ ಕೆರಳಿದ ಶ್ವಾಸಕೋಶಕ್ಕೆ ಮೊದಲ ದಿನದಿಂದಲೇ ಆಂಟಿಬಯಾಟಿಕ್ ಸುರಿಯುವುದರಿಂದ ಲಾಭವಿಲ್ಲ.

1978ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಈ ಚಿತ್ರಕ್ಕೆ ಅನಿರೀಕ್ಷಿತ ತಿರುವು ಕೊಟ್ಟಿತು. ನಿದ್ದೆಯಲ್ಲಿರುವ ಆರೋಗ್ಯವಂತರ ಗಂಟಲಿಗೆ ಗುರುತಿನ ವಿಕಿರಣಶೀಲ ದ್ರವ ಬಿಟ್ಟು ನೋಡಿದಾಗ, ಅವರಲ್ಲಿ ಸುಮಾರು ಅರ್ಧದಷ್ಟು ಜನರ ಶ್ವಾಸಕೋಶದಲ್ಲಿ ಅದರ ಕುರುಹು ಸಿಕ್ಕಿತು. ಅಂದರೆ ಸೋರಿಕೆ ನಮ್ಮಲ್ಲಿ ಅನೇಕರಿಗೆ ದಿನವೂ ಇದೆ, ಆದರೂ ನಮಗೆ ನ್ಯುಮೋನಿಯ ಬರುವುದಿಲ್ಲ. ಇಳಿಯುವ ಪ್ರಮಾಣ ಕಡಿಮೆ, ಇಳಿದದ್ದರಲ್ಲಿ ಕೆಟ್ಟ ರೋಗಾಣು ಕಡಿಮೆ, ಇಳಿದದ್ದನ್ನು ಹೊರಹಾಕುವ ಕೆಮ್ಮು, ಶ್ವಾಸನಾಳದ ರೋಮಗಳು ಮತ್ತು ರೋಗನಿರೋಧಕ ಶಕ್ತಿ ಚೆನ್ನಾಗಿವೆ. ಈ ಮೂರರಲ್ಲಿ ಒಂದು ಕೆಟ್ಟರೂ ದೇಹ ಹೇಗೋ ತಾಳಿಕೊಳ್ಳುತ್ತದೆ. ಮೂರೂ ಒಟ್ಟಿಗೆ ಕೆಟ್ಟಾಗ ನ್ಯುಮೋನಿಯ ಬರುತ್ತದೆ. ಸೂಸಾನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 189 ಮಂದಿ ವೃದ್ಧರನ್ನು 4 ವರ್ಷಗಳವರೆಗೆ ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಸಾರಿತು. ನ್ಯುಮೋನಿಯ ಯಾರಿಗೆ ಬರಬಹುದೆಂದು ಮೊದಲೇ ಸೂಚಿಸಿದ ಅಂಶಗಳಲ್ಲಿ ಎದ್ದು ಕಂಡವು ಇವು: ಊಟಕ್ಕೆ ಇನ್ನೊಬ್ಬರ ಕೈಯನ್ನು ನೆಚ್ಚಿರುವುದು, ಬಾಯಿ ಶುಚಿಗೂ ಇನ್ನೊಬ್ಬರನ್ನೇ ನೆಚ್ಚಿರುವುದು, ಹುಳುಕು ಹಲ್ಲುಗಳ ಸಂಖ್ಯೆ, ನಳಿಕೆಯ ಆಹಾರ, ಹಲವು ಕಾಯಿಲೆ, ಹಲವು ಮಾತ್ರೆ, ಧೂಮಪಾನ. ನುಂಗುವ ತೊಂದರೆ ಅಪಾಯವನ್ನು ಹೆಚ್ಚಿಸುತ್ತಿತ್ತು ನಿಜ. ಆದರೆ ಅದೊಂದೇ ನ್ಯುಮೋನಿಯ ತರಲು ಸಾಕಾಗುತ್ತಿರಲಿಲ್ಲ.

ಇಷ್ಟು ತಿಳಿದಿದ್ದರೂ ಆಸ್ಪತ್ರೆಗಳಲ್ಲಿ ಆರೈಕೆಯೆಲ್ಲ ಆ ಮೂರರಲ್ಲಿ ಮೊದಲನೆಯದಾದ ಇಳಿಯುವ ಪ್ರಮಾಣದ ಸುತ್ತಲೇ ಸುತ್ತುತ್ತದೆ: ಸೋರಿಕೆಯನ್ನು ಕಂಡುಹಿಡಿ, ಸೋರಿಕೆಯನ್ನು ನಿಲ್ಲಿಸು, ನಿಲ್ಲಿಸಲಾಗದಿದ್ದರೆ ಬಾಯಿಯ ಊಟವನ್ನೇ ನಿಲ್ಲಿಸು. ಈ ಲೇಖನದ ವಾದ ಅದಕ್ಕೆ ವಿರುದ್ಧ. ದೀರ್ಘಕಾಲದ ರೋಗಿಯಲ್ಲಿ ಸೋರಿಕೆಯನ್ನು ಸೊನ್ನೆಗೆ ಇಳಿಸುವುದು ಹೆಚ್ಚಿನ ಪಾಲು ಅಸಾಧ್ಯ. ಅದಕ್ಕಾಗಿ ಹಟ ಹಿಡಿದರೆ ರೋಗಿಯ ನೀರು, ಪೋಷಣೆ, ಊಟದ ಸುಖ ಮೂರೂ ಹೋಗುತ್ತವೆ. ಇಳಿದದ್ದು ಕಡಿಮೆ ಕೆಡುಕು ಮಾಡುವಂತೆಯೂ, ಇಳಿದದ್ದನ್ನು ಹೊರಹಾಕುವ ಶಕ್ತಿ ಉಳಿಯುವಂತೆಯೂ ನೋಡಿಕೊಳ್ಳುವುದಕ್ಕೆ ಸಮಪಾಲು ಗಮನ ಸಲ್ಲಬೇಕು. ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. ಮೇಲೆ ಹೇಳಿದ 2005ರ ವಿಮರ್ಶೆಯಲ್ಲೇ, ಲಕ್ವದ ರೋಗಿಗಳಲ್ಲಿ ನುಂಗುವ ತೊಂದರೆಯಿದ್ದರೆ ನ್ಯುಮೋನಿಯದ ಅಪಾಯ ಸುಮಾರು 3 ಪಟ್ಟು, ಸೋರಿಕೆ ಖಚಿತವಾಗಿದ್ದರೆ ಸುಮಾರು 11 ಪಟ್ಟು ಎಂದಿದೆ. ಹೀಗಿರುವಾಗ ಸೋರಿಕೆಯನ್ನು ಹಗುರವಾಗಿ ಕಾಣಬಹುದೇ? ಕಾಣಬಾರದು. ಲಕ್ವದ ಮೊದಲ ದಿನಗಳಲ್ಲಿ ಅರಿವು ಮಂಕಾಗಿರುತ್ತದೆ, ರೋಗಿ ಮಲಗಿಯೇ ಇರುತ್ತಾನೆ, ಕೆಮ್ಮು ಸೋತಿರುತ್ತದೆ. ಮೂರೂ ಅಂಶ ಕೂಡಿಬರುವ ಆ ಹೊತ್ತಿನಲ್ಲಿ ಕಟ್ಟುನಿಟ್ಟೇ ಸರಿ, ಅದೂ ತಾತ್ಕಾಲಿಕ. ಆ ದಿನಗಳ ನಿಯಮವನ್ನು ವರ್ಷಗಟ್ಟಲೆ ಬದುಕಬೇಕಾದ ರೋಗಿಗೂ ಹಾಗೆಯೇ ಹೇರುವುದು ತಪ್ಪು.

ಪರೀಕ್ಷೆ ಹಾಸಿಗೆಯ ಪಕ್ಕದಿಂದಲೇ ಆರಂಭವಾಗುತ್ತದೆ. ರೋಗಿಯನ್ನು ನೆಟ್ಟಗೆ ಕೂರಿಸಿ, ಬಾಯಿ ಶುಚಿ ಮಾಡಿ, ಚಮಚದಿಂದ ನೀರು ಕೊಟ್ಟು ನೋಡಿ, ಸರಿಯಿದ್ದರೆ ಸುಮಾರು 90 ಮಿ.ಲೀ. ನೀರನ್ನು ಒಂದೇ ಸಮನೆ ಕುಡಿಯಲು ಹೇಳುವ ಪರೀಕ್ಷೆ 1992ರಿಂದ ಬಳಕೆಯಲ್ಲಿದೆ. ಕೆಮ್ಮು, ನಡುವೆ ನಿಲ್ಲಿಸುವುದು, ಕುಡಿದ ಮೇಲೆ ಧ್ವನಿ ಗೊಳಗೊಳ ಎನ್ನುವುದು ಇದ್ದರೆ ಅನುಮಾನ. ಈ ಪರೀಕ್ಷೆ ಸೋರಿಕೆಯಿರುವವರನ್ನು ತಪ್ಪಿಸಿಕೊಳ್ಳಲು ಬಿಡುವುದು ವಿರಳ, ಆದರೆ ಸೋರಿಕೆಯಿಲ್ಲದ ಅನೇಕರನ್ನೂ ಅನುಮಾನಿತರ ಪಟ್ಟಿಗೆ ಸೇರಿಸುತ್ತದೆ. ಆದ್ದರಿಂದ ಇದು ಜರಡಿಯೇ ಹೊರತು ತೀರ್ಪಲ್ಲ. ಕೆಮ್ಮೇ ಬಾರದ 'ಮೂಕ ಸೋರಿಕೆ' ನರರೋಗಿಗಳಲ್ಲಿ ಸಾಮಾನ್ಯ. ನಮ್ಮಪ್ಪ ಕೆಮ್ಮುತ್ತಲೇ ಇಲ್ಲ, ಚೆನ್ನಾಗಿ ನುಂಗುತ್ತಿದ್ದಾರೆ ಎಂಬ ಮನೆಯವರ ಮಾತನ್ನು ಅದಕ್ಕಾಗಿಯೇ ಪೂರ್ತಿ ನಂಬುವಂತಿಲ್ಲ. ಕಣ್ಣಾರೆ ನೋಡಲು ಎರಡು ದಾರಿಗಳಿವೆ. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವೀಡಿಯೊ ತೆಗೆಯುವುದು ಒಂದು. ಇದನ್ನು ವ್ಯವಸ್ಥಿತ ಪರೀಕ್ಷೆಯಾಗಿ ಬೆಳೆಸಿದವರು ಅಮೆರಿಕದ ಜೆರಿ ಲೋಜ್‌ಮನ್. ಮೂಗಿನಿಂದ ಬಳುಕುವ ಎಂಡೋಸ್ಕೋಪ್ ಇಳಿಸಿ ಗಂಟಲನ್ನು ಮೇಲಿನಿಂದ ನೋಡುವುದು ಇನ್ನೊಂದು. ಇದನ್ನು 1988ರಲ್ಲಿ ಮೊದಲು ವಿವರಿಸಿದವರು ಲ್ಯಾಂಗ್‌ಮೋರ್ ಮತ್ತು ಸಂಗಡಿಗರೇ. ಎರಡನೆಯದನ್ನು ಐಸಿಯು ಹಾಸಿಗೆಯಲ್ಲೇ ಮಾಡಬಹುದು, ಜೊಲ್ಲು ಮಡುಗಟ್ಟಿರುವುದೂ ಅದರಲ್ಲಿ ಕಾಣುತ್ತದೆ. ಸೋರಿಕೆ ಎಷ್ಟು ಆಳಕ್ಕೆ ಇಳಿಯಿತು, ರೋಗಿ ಅದಕ್ಕೆ ಪ್ರತಿಕ್ರಿಯಿಸಿದನೇ ಎಂಬುದನ್ನು 1996ರಿಂದ 8 ಹಂತಗಳ ಅಳತೆಯಲ್ಲಿ ದಾಖಲಿಸುವ ರೂಢಿಯಿದೆ. ಇಂಥ ಪರೀಕ್ಷೆಗಳ ನಿಜವಾದ ಬೆಲೆಯಿರುವುದು ಯಾವ ಭಂಗಿಯಲ್ಲಿ, ಯಾವ ಹದದ ಆಹಾರ, ಎಷ್ಟು ದೊಡ್ಡ ಗುಟುಕು ಸುರಕ್ಷಿತವಾಗಿ ಇಳಿಯುತ್ತದೆ ಎಂದು ತಿಳಿಯುವುದರಲ್ಲಿ. ಹತ್ತು ನಿಮಿಷದ ವೀಡಿಯೊದಲ್ಲಿ ಒಮ್ಮೆ ಸೋರಿದ್ದನ್ನು ಕಂಡು 'ಬಾಯಿಯಿಂದ ಏನೂ ಕೊಡಬೇಡಿ' ಎಂದು ಚೀಟಿ ಬರೆದರೆ ಪರೀಕ್ಷೆಯನ್ನು ಅದರ ಯೋಗ್ಯತೆಗಿಂತ ಮೇಲೆ ಕೂರಿಸಿದಂತೆ.

ನೀರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುವುದು ಜಗತ್ತಿನಾದ್ಯಂತ ಹಬ್ಬಿದ ಕ್ರಮ. ಇದರ ಹಿಂದಿನ ತರ್ಕ ಸರಳ: ತೆಳು ದ್ರವ ವೇಗವಾಗಿ ಹರಿದು ಬಾಗಿಲು ಮುಚ್ಚುವ ಮೊದಲೇ ಒಳನುಗ್ಗುತ್ತದೆ, ಗಟ್ಟಿ ದ್ರವ ನಿಧಾನವಾಗಿ ಬರುತ್ತದೆ. ಎಕ್ಸ್‌ರೇ ಪರದೆಯ ಮೇಲೆ ಇದು ನಿಜವೇ. ಪಾರ್ಕಿನ್ಸನ್ ಅಥವಾ ಮರೆಗುಳಿತನವಿದ್ದ 711 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೇನಿನಷ್ಟು ಗಟ್ಟಿ ದ್ರವ ಕೊಟ್ಟಾಗ ಸೋರಿಕೆ ಎಲ್ಲಕ್ಕಿಂತ ಕಡಿಮೆಯಿತ್ತು. ಆದರೆ ಅವರ ಪೈಕಿ 515 ಮಂದಿಯನ್ನು ಮೂರು ತಿಂಗಳು ಹಿಂಬಾಲಿಸಿದಾಗ ಕಂಡದ್ದೇ ಬೇರೆ. ಗದ್ದ ತಗ್ಗಿಸಿ ಸಾಮಾನ್ಯ ನೀರನ್ನೇ ಕುಡಿದವರಲ್ಲಿ ಶೇ. 9.8ರಷ್ಟು ಮಂದಿಗೆ, ಗಟ್ಟಿ ದ್ರವ ಕುಡಿದವರಲ್ಲಿ ಶೇ. 11.6ರಷ್ಟು ಮಂದಿಗೆ ನ್ಯುಮೋನಿಯ ಬಂತು. ಗಣನೀಯ ವ್ಯತ್ಯಾಸವೇ ಇಲ್ಲ. ನೀರಿನ ಕೊರತೆ ಮಾತ್ರ ಮೊದಲ ಗುಂಪಿನಲ್ಲಿ ಶೇ. 2, ಎರಡನೆಯದರಲ್ಲಿ ಶೇ. 6. ಪರದೆಯ ಮೇಲಿನ ಗೆಲುವು ಹಾಸಿಗೆಯಲ್ಲಿ ಗೆಲುವಾಗಲಿಲ್ಲ. ಅಂಟಂಟಾದ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ. ಕಡಿಮೆ ಕುಡಿದವರ ಬಾಯಿ ಒಣಗುತ್ತದೆ, ಒಣ ಬಾಯಿಯಲ್ಲಿ ರೋಗಾಣು ಹೆಚ್ಚುತ್ತದೆ. ಅಮೆರಿಕದ ಲೂಯಿವಿಲ್ ನಗರದ ಫ್ರೇಜಿಯರ್ ಪುನಶ್ಚೇತನ ಕೇಂದ್ರ 1984ರಷ್ಟು ಹಿಂದೆಯೇ ಬೇರೆ ದಾರಿ ಹಿಡಿಯಿತು: ಆಹಾರದ ಜೊತೆ ಗಟ್ಟಿ ದ್ರವ, ಊಟಗಳ ನಡುವೆ ಬಾಯಿ ಶುಚಿ ಮಾಡಿದ ಮೇಲೆ ಬೇಕಾದಷ್ಟು ಬರಿಯ ನೀರು. ಶುದ್ಧ ನೀರು ಸ್ವಲ್ಪ ಇಳಿದರೂ ಶ್ವಾಸಕೋಶ ಅದನ್ನು ಹೀರಿಕೊಳ್ಳುತ್ತದೆ ಎಂಬುದು ಇದರ ಆಧಾರ. ತೀವ್ರ ಅಸ್ವಸ್ಥರಿಗೆ, ಓಡಾಡಲಾಗದೆ ಸದಾ ಮಲಗಿರುವವರಿಗೆ ಇದು ಹೊಂದದು. ಉಳಿದವರಿಗೆ ಇದು ವಿವೇಕದ ದಾರಿ.

ಗಟ್ಟಿ ಮಾಡಲೇಬೇಕಾದವರಿಗೆ ಎಷ್ಟು ಗಟ್ಟಿ ಎಂಬುದನ್ನು ಅಳೆಯಬೇಕು. 2013ರಲ್ಲಿ ಆರಂಭವಾದ ಐ.ಡಿ.ಡಿ.ಎಸ್.ಐ. ಎಂಬ ಅಂತರರಾಷ್ಟ್ರೀಯ ಪ್ರಯತ್ನ ದ್ರವ ಮತ್ತು ಆಹಾರಗಳನ್ನು 0ರಿಂದ 7ರವರೆಗೆ 8 ಮಟ್ಟಗಳಲ್ಲಿ ಹೊಂದಿಸಿದೆ. ಅದರ ಪರೀಕ್ಷೆಗೆ ಬೇಕಾದದ್ದು 10 ಮಿ.ಲೀ. ಸಿರಿಂಜ್ ಮತ್ತು ಗಡಿಯಾರ: ತುಂಬಿಸಿ 10 ಸೆಕೆಂಡು ಹರಿಯಬಿಟ್ಟಾಗ ಎಷ್ಟು ಉಳಿಯಿತು ಎಂಬುದರ ಮೇಲೆ ಮಟ್ಟ ನಿರ್ಧಾರವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ರಾಗಿ ಗಂಜಿ, ಅಕ್ಕಿ ಗಂಜಿ ಇರುವಾಗ ಪುಡಿ ಕೊಳ್ಳುವುದೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಗಂಜಿ ಒಳ್ಳೆಯ ಆಯ್ಕೆಯೂ ಹೌದು. ಆದರೆ ಪಿಷ್ಟದಿಂದ ಗಟ್ಟಿಯಾದ ಯಾವುದೇ ದ್ರವ ಜೊಲ್ಲಿನ ಕಿಣ್ವ ತಾಗಿದ ಕೂಡಲೇ ನೀರಾಗತೊಡಗುತ್ತದೆ, ಆರಿದಷ್ಟೂ ಗಟ್ಟಿಯಾಗುತ್ತದೆ; ಎಂಜಲು ಚಮಚವನ್ನು ಮತ್ತೆ ಮತ್ತೆ ಅದ್ದಿದ ಬಟ್ಟಲಿನ ಗಂಜಿ ಕೊನೆಯ ಗುಟುಕಿನ ಹೊತ್ತಿಗೆ ಮೊದಲಿನ ಗಂಜಿಯಾಗಿರುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಆಹಾರ ಎರಡು ಹದ ಕೂಡಿದ್ದು. ತಿಳಿಸಾರು ಸುರಿದ ಉದುರು ಅನ್ನವನ್ನು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಇಳಿದುಬಿಡುತ್ತದೆ. ಮೊಸರಿನಲ್ಲಿ ಚೆನ್ನಾಗಿ ಕಿವುಚಿದ ಮೆತ್ತನೆಯ ಅನ್ನ ಅದಕ್ಕಿಂತ ಎಷ್ಟೋ ಸುರಕ್ಷಿತ. ಮುದ್ದೆ ಅಗಿಯದೆ ನುಂಗುವ ಆಹಾರ. ಮೈಸೂರು, ಮಂಡ್ಯ, ಹಾಸನಗಳ ಹಿರಿಯರು ಅದನ್ನು ಬಿಡಲೊಲ್ಲರು, ಆದರೆ ಗಂಟಲ ಸ್ನಾಯು ಸೋತವರಿಗೆ ಆ ಅಂಟು ತುತ್ತು ಅಪಾಯಕಾರಿ. ಅದೇ ರಾಗಿಯನ್ನು ಗಂಜಿಯಾಗಿ ಕೊಟ್ಟರೆ ರುಚಿಯ ನಂಟು ಉಳಿಯುತ್ತದೆ. ಪುರಿ, ಕಡಲೆಬೀಜ, ಒಣ ಅವಲಕ್ಕಿ ಬೇಡ.

ಭಂಗಿಯ ವಿಷಯದಲ್ಲಿ ನಮ್ಮ ಎರಡು ಹಳೆಯ ರೂಢಿಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ. ನೆಲದ ಮೇಲೆ ಎಲೆ ಹಾಕಿ, ಮುಂದಕ್ಕೆ ಬಾಗಿ ಉಣ್ಣುವಾಗ ಗದ್ದ ತಾನಾಗಿ ತಗ್ಗುತ್ತದೆ; ಇದು ಚಿಕಿತ್ಸಕರು ಹೇಳಿಕೊಡುವ ಭಂಗಿಗೆ ಹತ್ತಿರ. ಲೋಟ ಕಚ್ಚದೆ ಎತ್ತಿ ಕುಡಿಯುವ ಮಡಿಯ ಪದ್ಧತಿ ತಲೆಯನ್ನು ಹಿಂದಕ್ಕೆ ವಾಲಿಸಿ, ಶ್ವಾಸನಾಳದ ಬಾಯನ್ನು ತೆರೆದಿಟ್ಟು, ಮೇಲಿನಿಂದ ನೀರು ಸುರಿಯುತ್ತದೆ. ನುಂಗುವ ತೊಂದರೆಯಿರುವವರು ಕಚ್ಚಿಯೇ ಕುಡಿಯಬೇಕು, ಸಣ್ಣ ಗುಟುಕಾಗಿ. ಮಲಗಿದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸುವುದು ಪ್ರೀತಿಯ ಕೆಲಸವಾದರೂ ತಪ್ಪು ಕೆಲಸ. ಊಟದ ಹೊತ್ತಿಗೂ ಆಮೇಲೆ ಅರ್ಧ ಗಂಟೆಗೂ ನೆಟ್ಟಗೆ ಕೂರಿಸಬೇಕು. ಒಂದು ಬದಿ ಸೋತವರು ಸೋತ ಬದಿಗೆ ತಲೆ ತಿರುಗಿಸಿ ನುಂಗಿದರೆ ತುತ್ತು ಗಟ್ಟಿ ಬದಿಯಿಂದ ಇಳಿಯುತ್ತದೆ. ಇವೆಲ್ಲ ತಕ್ಷಣದ ಉಪಾಯಗಳು. ಸ್ನಾಯುಗಳನ್ನೇ ಬಲಪಡಿಸುವ ವ್ಯಾಯಾಮಗಳು ಬೇರೆ ಇವೆ: ಮಲಗಿ ತಲೆಯನ್ನಷ್ಟೇ ಎತ್ತಿ ಹಿಡಿಯುವುದು, ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲೆಯೇ ಹಿಡಿದು ನಿಲ್ಲಿಸುವುದು, ತಡೆಯಿರುವ ಕೊಳವೆಗೆ ಜೋರಾಗಿ ಊದುವುದು. ಕೊನೆಯದು ಪಾರ್ಕಿನ್ಸನ್ ರೋಗಿಗಳಲ್ಲಿ ಗಾಳಿದಾರಿಯ ರಕ್ಷಣೆಯನ್ನು ಸುಧಾರಿಸಿತೆಂದು 2010ರ ಪ್ರಯೋಗವೊಂದು ತೋರಿಸಿದೆ. ಆಸ್ಟ್ರೇಲಿಯದ ಪರ್ತ್‌ನಲ್ಲಿ 306 ಲಕ್ವ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನವೂ ನಡೆದ ನುಂಗುವ ತರಬೇತಿಯಿಂದ ಹೆಚ್ಚು ಮಂದಿ ಸಹಜ ಊಟಕ್ಕೆ ಮರಳಿದರು, ಎದೆಯ ಸೋಂಕೂ ಕಡಿಮೆಯಾಯಿತು. ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಇನ್ನೊಂದು ಮಾತು: ನೋವಿದ್ದರೂ ಸ್ವಲ್ಪವಾದರೂ ನುಂಗುತ್ತಲೇ ಇರಬೇಕು. ಬಳಸದ ಗಂಟಲು ಬಿಗಿದುಹೋಗುತ್ತದೆ.

ಬಾಯಿಯ ಶುಚಿಗೆ ಇದುವರೆಗೆ ಸಿಗದ ಮರ್ಯಾದೆ ಸಿಗಬೇಕು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಯೊನೆಯಾಮ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಒಂದು ಗುಂಪಿನ ವೃದ್ಧರಿಗೆ ಪ್ರತಿ ಊಟದ ನಂತರ ಶುಶ್ರೂಷಕರೇ ಹಲ್ಲುಜ್ಜಿದರು, ಅಗತ್ಯವಿದ್ದವರಿಗೆ ವಾರಕ್ಕೊಮ್ಮೆ ದಂತ ವೈದ್ಯರು ಶುಚಿ ಮಾಡಿದರು. ಇನ್ನೊಂದು ಗುಂಪು ಎಂದಿನಂತೆ ಇತ್ತು. ಎರಡು ವರ್ಷಗಳಲ್ಲಿ ನ್ಯುಮೋನಿಯ ಬಂದದ್ದು ಮೊದಲ ಗುಂಪಿನಲ್ಲಿ ಶೇ. 11, ಎರಡನೆಯದರಲ್ಲಿ ಶೇ. 19. ಇದರಲ್ಲಿ ಯಾರ ನುಂಗುವಿಕೆಗೂ ನೇರ ಚಿಕಿತ್ಸೆಯಿರಲಿಲ್ಲ, ಸೋರಿಕೆ ನಿಲ್ಲಿಸುವ ಪ್ರಯತ್ನವಿರಲಿಲ್ಲ. ಸೋರುವ ಜೊಲ್ಲು ಶುಚಿಯಾಗಿತ್ತು ಅಷ್ಟೇ. ಆಮೇಲಿನ ಎಲ್ಲ ಪ್ರಯೋಗಗಳೂ ಇಷ್ಟೇ ಸ್ಪಷ್ಟ ಫಲ ಕೊಟ್ಟಿಲ್ಲ ಎಂಬ ಆಕ್ಷೇಪ ಸರಿ. ಆದರೆ ಅಪಾಯವಿಲ್ಲದ, ಖರ್ಚಿಲ್ಲದ, ರೋಗಿಗೆ ಹಿತವೆನ್ನಿಸುವ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಕೇಳುತ್ತ ಕೂರುವುದು ಸರಿಯಲ್ಲ. ಕಟ್ಟಿಸಿದ ಹಲ್ಲುಸೆಟ್ಟನ್ನು ರಾತ್ರಿ ತೆಗೆದಿಡಬೇಕು. ಹಾಕಿಕೊಂಡೇ ಮಲಗುವ 85 ದಾಟಿದವರಲ್ಲಿ ನ್ಯುಮೋನಿಯದ ಅಪಾಯ ಎರಡು ಪಟ್ಟಿಗೂ ಮಿಕ್ಕಿತ್ತೆಂದು ಟೋಕಿಯೊದ ಅಧ್ಯಯನವೊಂದು 2015ರಲ್ಲಿ ತಿಳಿಸಿದೆ. ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರ ಬಾಯಿ ಎಲ್ಲರದಕ್ಕಿಂತ ಕೊಳಕಾಗಿರುತ್ತದೆ, ಏಕೆಂದರೆ ಊಟವೇ ಇಲ್ಲದ ಬಾಯನ್ನು ತೊಳೆಯುವುದೇಕೆ ಎಂದು ಎಲ್ಲರೂ ಮರೆಯುತ್ತಾರೆ.

ಆ ನಳಿಕೆಯ ವಿಷಯಕ್ಕೆ ಈಗ ಬರಬಹುದು. ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎಂದೇ ಪರಿಚಿತವಾದ ಮೂಗಿನ ನಳಿಕೆಗೆ ಇಂಗ್ಲಿಷ್ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಅವರ ಹೆಸರು ಅಂಟಿದೆ. ಹೊಟ್ಟೆಗೆ ನೇರವಾಗಿ ತೂತು ಕೊರೆದು ಎಂಡೋಸ್ಕೋಪಿನ ನೆರವಿನಿಂದ ಹಾಕುವ ಪೆಗ್ ನಳಿಕೆಯನ್ನು ಗಾಡರರ್ ಮತ್ತು ಪಾನ್ಸ್‌ಕಿ 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೊದಲು ಬಳಸಿದ್ದು ಎಳೆಯ ಮಗುವಿಗಾಗಿ. ಅದು ಕೆಲವೇ ವರ್ಷಗಳಲ್ಲಿ ವೃದ್ಧರ ಹಾಸಿಗೆಗಳಿಗೆ ಹಬ್ಬಿತು. ನಳಿಕೆ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂಬುದು ಮನೆಯವರಲ್ಲೂ ಅನೇಕ ವೈದ್ಯರಲ್ಲೂ ಬೇರೂರಿದ ನಂಬಿಕೆ. ಅದು ನಿಜವಲ್ಲ. ಜೊಲ್ಲು ಬಾಯಿಯಿಂದ ಇಳಿಯುತ್ತಲೇ ಇರುತ್ತದೆ. ಹೊಟ್ಟೆಗೆ ಸುರಿದ ಆಹಾರ ಮೇಲೇರಿ ಗಂಟಲಿಗೆ ಬರುವ ಸಾಧ್ಯತೆ ಬೇರೆ. ಮುಂದುವರಿದ ಮರೆಗುಳಿತನದಲ್ಲಿ ನಳಿಕೆಯಿಂದ ನ್ಯುಮೋನಿಯ ತಪ್ಪುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು 1999ರಲ್ಲೇ ಒಂದು ವಿಸ್ತೃತ ವಿಮರ್ಶೆ ತೋರಿಸಿತು. ಅಮೆರಿಕದ ವೃದ್ಧಚಿಕಿತ್ಸಾ ಸಂಘ 2014ರಲ್ಲಿ ಅಂಥವರಿಗೆ ನಳಿಕೆಯನ್ನು ಶಿಫಾರಸು ಮಾಡುವುದಿಲ್ಲವೆಂದೂ, ಜತನದಿಂದ ಕೈತುತ್ತು ಕೊಡುವುದೇ ಸರಿಯೆಂದೂ ಹೇಳಿತು. ನಳಿಕೆ ಕಿತ್ತುಕೊಳ್ಳದಂತೆ ಕೈ ಕಟ್ಟಿಹಾಕಬೇಕಾದ ದೃಶ್ಯವನ್ನು ಆರೈಕೆ ಎಂದು ಕರೆಯಲಾಗದು.

ಹಾಗಾದರೆ ತಿನ್ನಲಾಗದ ತಾಯಿಯನ್ನು ಉಪವಾಸ ಕೆಡವುವುದೇ ಎಂಬ ಮಕ್ಕಳ ಪ್ರಶ್ನೆ ಎದೆ ಚುಚ್ಚುವಂಥದ್ದು. ನಳಿಕೆ ಎಲ್ಲ ಕಡೆಯೂ ಬೇಡ ಎಂಬುದು ಈ ವಾದದ ಅರ್ಥವಲ್ಲ. ಲಕ್ವದ ನಂತರ ನುಂಗಲಾಗದವರಿಗೆ ಮೊದಲ ಎರಡು ಮೂರು ವಾರ ಮೂಗಿನ ನಳಿಕೆ ಬೇಕೇಬೇಕು. ಬೇಗ ಹಾಕಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚಬಹುದೆಂದು, ಅದೇ ಹೊತ್ತಿನಲ್ಲಿ ಅವಸರದಿಂದ ಪೆಗ್ ಹಾಕಿದವರ ಸ್ಥಿತಿ ಕೆಟ್ಟದ್ದೇ ಆಗಿತ್ತೆಂದು 2005ರಲ್ಲಿ ಪ್ರಕಟವಾದ ಫುಡ್ ಎಂಬ ಹೆಸರಿನ ಬಹುರಾಷ್ಟ್ರೀಯ ಪ್ರಯೋಗ ತಿಳಿಸಿತು. ಎ.ಎಲ್.ಎಸ್.ನಲ್ಲಿ ಉಸಿರಾಟದ ಶಕ್ತಿ ಕುಸಿಯುವ ಮೊದಲೇ ಪೆಗ್ ಹಾಕುವುದು ಒಳಿತು. ಗಂಟಲ ಕ್ಯಾನ್ಸರಿನಲ್ಲಿ ಚಿಕಿತ್ಸೆ ಮುಗಿಯುವವರೆಗೆ ಅದೇ ಆಸರೆ. ಇವರೆಲ್ಲರಲ್ಲೂ ನಳಿಕೆ ಹಾಕುವುದು ಪೋಷಣೆಗಾಗಿ, ಸೋರಿಕೆ ತಡೆಗಾಗಿ ಅಲ್ಲ. ಈ ಭೇದವನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಮನೆಯವರಿಗೆ ಬಿಡಿಸಿ ಹೇಳಬೇಕು. ಕೊನೆಯ ಹಂತದ ರೋಗಿಗೆ ಹಸಿವೂ ಬಾಯಾರಿಕೆಯೂ ತಾವಾಗಿಯೇ ಇಳಿಯುತ್ತವೆ. ಆಗ ಇಷ್ಟದ ಒಂದೆರಡು ಚಮಚ, ಒದ್ದೆ ಬಟ್ಟೆಯಿಂದ ತುಟಿ ತೇವ ಮಾಡುವುದು ಸಾಕು. ಬಾಯಿಗೆ ನೀರು ಬಿಡುವ ಗಳಿಗೆಯಲ್ಲಿ ಯಾವ ವೈದ್ಯನೂ ಆ ಹನಿಗೆ ಅಡ್ಡ ಬರಬೇಕಾಗಿಲ್ಲ.

ವರ್ಷಗಟ್ಟಲೆ ನಡೆಯುವ ಸೋರಿಕೆ ಪದೇ ಪದೇ ನ್ಯುಮೋನಿಯವಾಗಿಯೇ ಕಾಣಿಸಬೇಕೆಂದಿಲ್ಲ. ಬಿಡದ ಕೆಮ್ಮು, ಆಸ್ತಮದಂಥ ಗೊರಗೊರ, ಸಂಜೆ ಹೊತ್ತಿನ ಜ್ವರ, ಇಳಿಯುತ್ತಿರುವ ತೂಕ ಇಷ್ಟೇ ಇರಬಹುದು. ನಮ್ಮ ನಾಡಿನಲ್ಲಿ ಇಂಥವರನ್ನು ಮೊದಲು ಕ್ಷಯದ ಪರೀಕ್ಷೆಗೆ ಕಳಿಸುವುದು ಸರಿಯೇ, ಆದರೆ ಅದು ಇಲ್ಲವೆಂದಾದ ಮೇಲೆ ಅವರು ಹೇಗೆ ಉಣ್ಣುತ್ತಾರೆಂದು ಒಮ್ಮೆ ಕೂತು ನೋಡಬೇಕು. ಬಲ ಶ್ವಾಸಕೋಶದ ದಾರಿ ಹೆಚ್ಚು ಅಗಲ, ಹೆಚ್ಚು ನೇರ. ಹಾಗಾಗಿ ಕೂತು ಉಣ್ಣುವವರಲ್ಲಿ ಬಲಗಡೆಯ ಕೆಳಭಾಗ ಮೊದಲು ಕೆಡುತ್ತದೆ. ಕೊಳವೆಗಳು ಶಾಶ್ವತವಾಗಿ ಹಿಗ್ಗಿ ಕೀವು ತುಂಬುವುದು ಅದರ ಕೊನೆ. ಜೊಲ್ಲು ಹೆಚ್ಚಿದ್ದರೆ ಜೊಲ್ಲುಗ್ರಂಥಿಗೆ ಬೊಟುಲಿನಂ ಚುಚ್ಚುಮದ್ದು, ಧ್ವನಿತಂತು ಸೋತಿದ್ದರೆ ಅದನ್ನು ನಡುವಿಗೆ ಸರಿಸುವ ಶಸ್ತ್ರಕ್ರಿಯೆ, ಅನ್ನನಾಳದ ಮೇಲ್ಬಾಗಿಲು ಸಡಿಲವಾಗದಿದ್ದರೆ ಅದನ್ನು ಬಿಡಿಸುವ ಶಸ್ತ್ರಕ್ರಿಯೆ ನೆರವಾಗುತ್ತವೆ. ನಿದ್ದೆಮಾತ್ರೆ ಮತ್ತು ಮನೋರೋಗದ ಕೆಲವು ಮಾತ್ರೆಗಳನ್ನು ಕಡಿಮೆ ಮಾಡುವುದು ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಗಂಟಲಿಗೆ ತೂತು ಮಾಡಿ ಟ್ರಕಿಯಾಸ್ಟಮಿ ಕೊಳವೆ ಹಾಕಿದರೆ ಸೋರಿಕೆ ನಿಲ್ಲುತ್ತದೆಂಬುದು ಇನ್ನೊಂದು ತಪ್ಪು ನಂಬಿಕೆ. ಕಫ ಹೀರಿ ತೆಗೆಯಲು ಅದು ಅನುಕೂಲ, ಆದರೆ ಕೊಳವೆಗೆ ಸುತ್ತಿಕೊಂಡು ಉಬ್ಬುವ ಗಾಳಿಚೀಲದ ಅಂಚಿನಿಂದ ಜೊಲ್ಲು ಇಳಿಯುತ್ತಲೇ ಇರುತ್ತದೆ. ಸೋರಿಕೆಯನ್ನು ನಿಜವಾಗಿ, ಪೂರ್ತಿಯಾಗಿ ನಿಲ್ಲಿಸುವುದು ಧ್ವನಿಪೆಟ್ಟಿಗೆಯನ್ನು ಶ್ವಾಸನಾಳದಿಂದ ಬೇರ್ಪಡಿಸುವ ಶಸ್ತ್ರಕ್ರಿಯೆ ಅಥವಾ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು. ಮೊದಲನೆಯದನ್ನು ಲಿಂಡೆಮನ್ 1975ರಲ್ಲಿ ವಿವರಿಸಿದರು. ಅದರ ಬೆಲೆ ಧ್ವನಿ. ಮಾತು ಮೊದಲೇ ಹೋಗಿರುವ, ಆದರೆ ಬಾಯಿಯಿಂದ ಉಣ್ಣಲು ಬಯಸುವ ಕೆಲವರಿಗೆ ಆ ಬೆಲೆ ತೆರುವುದು ಸಾರ್ಥಕವೆನ್ನಿಸಬಹುದು.

ಮಕ್ಕಳ ವಿಷಯ ಬೇರೆ ಲೇಖನವನ್ನೇ ಬೇಡುತ್ತದೆ, ಆದರೆ ಒಂದನ್ನು ಇಲ್ಲಿ ಹೇಳಲೇಬೇಕು. ಒಳಲೆಯಲ್ಲಿ ಹಾಲು ಕುಡಿಸುವುದು ತಪ್ಪಲ್ಲ. ಅಳುತ್ತಿರುವ ಕೂಸನ್ನು ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು ಒಳಲೆ ಬಗ್ಗಿಸುವುದು ತಪ್ಪು. ಹರಳೆಣ್ಣೆ, ತುಪ್ಪ ಹೀಗೆ ಕುಡಿಸಿದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಎಣ್ಣೆ ಕೆಮ್ಮನ್ನು ಕೆರಳಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಮೂಗಿಗೆ ಎಣ್ಣೆ ಬಿಡುವುದರಿಂದಲೂ ಹೀಗಾಗುತ್ತದೆ. ಎಣ್ಣೆಯಿಂದ ಬರುವ ಈ ನ್ಯುಮೋನಿಯವನ್ನು ವೈದ್ಯಶಾಸ್ತ್ರ 1925ರಿಂದಲೇ ಬಲ್ಲದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಊಟ ಮಾಡಿಸಲು ದಿನಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತಿದ್ದರೆ ಅದು ತಾಯಿಯ ತಾಳ್ಮೆಯ ಪರೀಕ್ಷೆಯಲ್ಲ, ತಜ್ಞರಿಗೆ ತೋರಿಸಬೇಕೆಂಬ ಸೂಚನೆ.

ಆ ತಜ್ಞರು ಯಾರು? ವಾಕ್ ಚಿಕಿತ್ಸಕರೆಂದರೆ ತೊದಲು ತಿದ್ದುವವರು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ನುಂಗುವಿಕೆಯ ಪರೀಕ್ಷೆ ಮತ್ತು ತರಬೇತಿಯೂ ಅವರದೇ ಕ್ಷೇತ್ರ. ಅವರನ್ನು ತಯಾರುಮಾಡುವ ದೇಶದ ಹಿರಿಯ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆದರೆ ತಜ್ಞರು ಬರುವವರೆಗೆ ಕಾಯಬೇಕಾಗಿಲ್ಲ ಎಂಬುದು ಈ ಕ್ಷೇತ್ರದ ಅತ್ಯಂತ ಭರವಸೆಯ ಸಾಕ್ಷ್ಯ. ಅಮೆರಿಕದ 15 ಆಸ್ಪತ್ರೆಗಳ ಅಧ್ಯಯನದಲ್ಲಿ, ಲಕ್ವ ರೋಗಿಗೆ ಏನನ್ನೇ ಕೊಡುವ ಮೊದಲು ನುಂಗುವಿಕೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ನಿಯಮವಿದ್ದಲ್ಲಿ ನ್ಯುಮೋನಿಯ ಶೇ. 2.4, ಇಲ್ಲದಲ್ಲಿ ಶೇ. 5.4 ಇತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ 19 ಲಕ್ವ ಘಟಕಗಳಲ್ಲಿ ದಾದಿಯರಿಗೆ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ನೋಡಿಕೊಳ್ಳಲು ಕಲಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. 90 ದಿನಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಅಂಥ ಘಟಕಗಳಲ್ಲಿ ಶೇ. 42, ಉಳಿದವುಗಳಲ್ಲಿ ಶೇ. 58. ಅಲ್ಲಿ ಬಳಸಿದ್ದು ಹೊಸ ಯಂತ್ರವನ್ನಲ್ಲ, ಹೊಸ ಔಷಧವನ್ನೂ ಅಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಗಳ ದಾದಿಯರಿಗೂ ಇದನ್ನು ಕಲಿಸಬಹುದು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಓದುಗರು ಅದಕ್ಕೂ ಕಾಯದೆ ಈ ರಾತ್ರಿಯಿಂದಲೇ ಒಂದು ಕೆಲಸ ಶುರುಮಾಡಬೇಕೆಂದು ಕೋರಿಕೆ: ಮಲಗಿಸುವ ಮುನ್ನ ಅವರನ್ನು ನೆಟ್ಟಗೆ ಕೂರಿಸಿ, ಮೆತ್ತನೆಯ ಬ್ರಷ್ಷಿನಿಂದ ಹಲ್ಲು, ಒಸಡು, ನಾಲಿಗೆ ಮೂರನ್ನೂ ಉಜ್ಜಿ, ಉಳಿದ ನೀರನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ಆಮೇಲೆ ದಿಂಬು ಎತ್ತರಿಸಿ ಮಲಗಿಸಿ.